ಕಲ್ಲಿನ ಜೊತೆಗೊಂದು ಗದ್ದೆ: ವೀರಗಲ್ಲಿನ ದತ್ತಿಗಳು ಮತ್ತು ಸೈನಿಕರ ಸ್ಮಶಾನದ ಖರ್ಚು

ನಾನು ಮಾತಾಡ್ತಾ ಇರೋದು ಗೋವಾದ ಮಡಗಾಂವಿನಿಂದ, ಮೋತಿ ಡೊಂಗರ್‌ನಲ್ಲಿರೋ ನಮ್ಮ ಮನೆಯಿಂದ. ಡೊಂಗರ್ ಅಂದ್ರೆ ಕೊಂಕಣಿಯಲ್ಲಿ ಗುಡ್ಡ. ಉತ್ತರ ಕರ್ನಾಟಕದಿಂದ ದುಡಿಯೋಕೆ ಬಂದವರು ತುಂಬಾ ಇರೋ ಗುಡ್ಡ ಇದು. ಮಳೆಗಾಲ ಆಗಿರೋದ್ರಿಂದ ನಡುವೆ ಧ್ವನಿ ಹೋದ್ರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ, ಆ ಭಾಗ ಮತ್ತೆ ಹೇಳ್ತೀನಿ.

ಹೋದ ಸೆಮಿಸ್ಟರಿನಲ್ಲಿ ಶಾಸನ ಸಾಹಿತ್ಯದ ಪತ್ರಿಕೆ ಓದುವಾಗ ನನ್ನ ತಲೆಯಲ್ಲಿ ಕೂತ ಒಂದು ಪ್ರಶ್ನೆಯೇ ಈ ಪ್ರಬಂಧದ ವಿಷಯ. ಸೈನಿಕ ಸತ್ತ ಮೇಲೆ ಅವನ ನೆನಪಿನ ಜಾಗವನ್ನು ನೋಡಿಕೊಳ್ಳುವ ಖರ್ಚು ಯಾರದು? ಕಟ್ಟುವ ಖರ್ಚು ಒಂದು ಸಲದ್ದು. ಕಸ ತೆಗೆಯೋದು, ಬೇಲಿ ಹಾಕೋದು, ದೀಪ ಹಚ್ಚೋದು ಪ್ರತಿವರ್ಷದ್ದು. ಮೊದಲನೆಯದಕ್ಕೆ ಹಣ ಹೇಗೋ ಕೂಡುತ್ತೆ, ಎರಡನೆಯದಕ್ಕೆ ಕೂಡೋದು ಕಷ್ಟ. ನಮ್ಮ ಶಾಸನಗಳನ್ನು ಬರೆಸಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು ಅನ್ನೋದು ನನ್ನ ವಾದ.

ಮೊದಲು ಈ ಪ್ರಶ್ನೆ ನಮ್ಮ ಮನೆಗೆ ಹೇಗೆ ಬಂತು ಅಂತ ಹೇಳ್ಬೇಕು. ನಮ್ಮ ಮುತ್ಯಾ ಸೈನ್ಯದಲ್ಲಿ ಜವಾನನಾಗಿದ್ದವರು. ಹೆಸರಾದ ಯಾವ ಯುದ್ಧದಲ್ಲೂ ಇರಲಿಲ್ಲ. ಗಡಿಯಲ್ಲಿ ಲಾರಿ ಓಡಿಸಿದವರು. ಪಿಂಚಣಿ ಬಂದ ಮೇಲೆ ಕೆಲವು ವರ್ಷ ಹುನಗುಂದದ ಕಡೆಯ ಊರಲ್ಲಿದ್ದು, ಮೊಣಕಾಲು ಕೈಕೊಟ್ಟಾಗ ನಮ್ಮ ಜೊತೆ ಇರೋಕೆ ಇಲ್ಲಿಗೆ ಬಂದರು. ಅಪ್ಪ ಇಲ್ಲಿ ಗೌಂಡಿ. ಒಂದು ಜುಲೈ ತಿಂಗಳಲ್ಲಿ ಮುತ್ಯಾ ತೀರಿಕೊಂಡರು. ನಾವು ಲಿಂಗಾಯತರು, ಸುಡೋದಿಲ್ಲ, ಮಣ್ಣು ಮಾಡ್ತೀವಿ. ಜಾಗ ಕೇಳೋಕೆ ಅಪ್ಪ ಎರಡು ಕಡೆ ಹೋಗಿ ಬಂದರು. ಎರಡೂ ಕಡೆ ಸುಡೋ ವ್ಯವಸ್ಥೆ ಇತ್ತು, ಹೂಳೋ ಜಾಗ ಇರಲಿಲ್ಲ. ‘ನಿಮ್ಮ ಊರಿಗೇ ತಗೊಂಡು ಹೋಗಿ’ ಅಂದರು. ಓಣಿಯವರು ಪಟ್ಟಿ ಎತ್ತಿದರು. ಗಾಡಿ ಬಾಡಿಗೆ 14,000 ರೂಪಾಯಿ. ಮಳೆಯಲ್ಲೇ ಅನಮೋಡ ಘಾಟ್ ಹತ್ತಿ, ಬೆಳಗಾಗೋ ಹೊತ್ತಿಗೆ ಊರು ಮುಟ್ಟಿ, ನಮ್ಮ ಹೊಲದ ಬದುವಿನ ಹತ್ತಿರ ಮಣ್ಣು ಕೊಟ್ಟು ಬಂದೆವು. ಮುಂದಿನ ಕಥೆಯನ್ನು ಕೊನೆಗೆ ಹೇಳ್ತೀನಿ.

ಈಗ ಶಾಸನಗಳಿಗೆ ಬರೋಣ. ಹಲ್ಮಿಡಿ ಶಾಸನ ನಮಗೆಲ್ಲ ಗೊತ್ತು. ಸುಮಾರು ಕ್ರಿ.ಶ. 450ರದ್ದು, ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನದು. ಭಾಷೆ, ಛಂದಸ್ಸು, ಸಂಸ್ಕೃತದ ಪ್ರಭಾವ ಅಂತ ಅದರ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೀತೀವಿ. ಆದರೆ ಅದು ಏನನ್ನು ದಾಖಲಿಸ್ತಾ ಇದೆ ಅಂತ ಒಂದು ಸಾಲಲ್ಲಿ ಹೇಳಿ ಅಂದ್ರೆ ಅನೇಕರು ತಡವರಿಸ್ತೀವಿ. ನಾನೂ ತಡವರಿಸಿದ್ದೆ. ಕಾದಾಡಿ ಶೌರ್ಯ ತೋರಿಸಿದ ವಿಜಅರಸ ಅನ್ನುವ ಯೋಧನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಅನ್ನುವ ಎರಡು ಊರುಗಳನ್ನು ‘ಬಾಳ್ಗೞ್ಚು’ ಆಗಿ ಕೊಟ್ಟ ದಾಖಲೆ ಅದು. ಬಾಳ್ ಅಂದ್ರೆ ಕತ್ತಿ, ಕೞ್ಚು ಅಂದ್ರೆ ತೊಳೆ. ಕತ್ತಿ ತೊಳೆದು ಕೊಡುವ ದತ್ತಿ. ಕನ್ನಡದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು ಅಂತ ನಾವು ಹೆಮ್ಮೆಪಡೋ ಈ ಕಲ್ಲು, ಇವತ್ತಿನ ಮಾತಲ್ಲಿ ಹೇಳೋದಾದ್ರೆ, ಸೈನಿಕನಿಗೆ ಕೊಟ್ಟ ಸವಲತ್ತಿನ ಆದೇಶಪತ್ರ. ಇದನ್ನು ಕೆಡಿಸಿದವರಿಗೆ ಪಾಪ ಅನ್ನುವ ಎಚ್ಚರಿಕೆಯೂ ಅದರಲ್ಲೇ ಇದೆ.

ಎರಡನೆಯ ಉದಾಹರಣೆ ಬೇಗೂರು ಶಾಸನ. ಇವತ್ತಿನ ಬೆಂಗಳೂರಿನೊಳಗೇ ಸೇರಿಹೋಗಿರೋ ಬೇಗೂರಿನದು, 9-10ನೆಯ ಶತಮಾನದ ಸಂಧಿಕಾಲದ್ದು. ಗಂಗರ ಎರೆಯಪ್ಪನ ಕಾಲ. ಅಯ್ಯಪದೇವನ ಪರವಾಗಿ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಾಡಿ ನಾಗತ್ತರ ಸಾಯ್ತಾನೆ. ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬುವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ‘ಕಲ್ನಾಡು’ ಆಗಿ ಕೊಡ್ತಾನೆ. ಶಾಸನ ಊರುಗಳ ಹೆಸರನ್ನೂ ಒಂದೊಂದಾಗಿ ಹೇಳುತ್ತೆ. ಮೇಲೆ ಆನೆ, ಕುದುರೆ, ಕಾಲಾಳುಗಳ ಅದ್ಭುತ ಯುದ್ಧದೃಶ್ಯ ಕೆತ್ತಿದ್ದಾರೆ. ನಾವು ಫೋಟೋ ತೆಗೆಯೋದು ಅದನ್ನೇ. ಆ ಊರುಗಳ ಪಟ್ಟಿಯನ್ನು ಬಿಟ್ಟುಬಿಡ್ತೀವಿ. ಬರೆಸಿದವನಿಗೆ ಮಾತ್ರ ಆ ಪಟ್ಟಿ ಮುಖ್ಯವಾಗಿತ್ತು, ಇಲ್ಲದಿದ್ದರೆ ಅಷ್ಟು ಅಕ್ಷರ ಕೆತ್ತಿಸ್ತಿರಲಿಲ್ಲ.

ಮೂರನೆಯದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಶಕ 872, ಅಂದರೆ ಕ್ರಿ.ಶ. 949-50. ನನ್ನ ಪ್ರಬಂಧದ ನಡುಗಂಬ ಇದೇ. ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗ ಸೇರಿ ಚೋಳರ ರಾಜಾದಿತ್ಯನ ಮೇಲೆ ನಡೆಸಿದ ಯುದ್ಧದಲ್ಲಿ ಮಣಲೇರ ಚೆನ್ನಾಗಿ ಕಾದಿದ. ‘ಮೆಚ್ಚಿದೆ, ಬೇಕಾದ್ದು ಕೇಳು’ ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು.

ಕಥೆ ಇಲ್ಲಿಗೆ ಮುಗಿಯುತ್ತೆ ಅಂದ್ಕೊಳ್ತೀವಿ. ಶಾಸನ ಮುಗಿಯೋದಿಲ್ಲ. ಅದರಲ್ಲಿ ಎರಡು ಬೇರೆ ಬೇರೆ ಲೆಕ್ಕ ಇವೆ. ಬದುಕಿರುವ ಯೋಧ ಮಣಲೇರನಿಗೆ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರನ್ನು ‘ಬಾಳ್ಗಚ್ಚು’ ಕೊಟ್ಟದ್ದು ಒಂದು. ಹಲ್ಮಿಡಿಯಲ್ಲಿ ಕಂಡ ಅದೇ ಪದ ಸುಮಾರು 500 ವರ್ಷ ಆದಮೇಲೆ, ಸ್ವಲ್ಪ ಸವೆದ ರೂಪದಲ್ಲಿ. ಸತ್ತ ನಾಯಿಯ ಕಲ್ಲಿಗೆ ಊರ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಕೊಟ್ಟದ್ದು ಇನ್ನೊಂದು. ಕಲ್ಲನ್ನು ಪೂಜಿಸದೆ ಆ ಸ್ಥಾನದ ಗೊರವ ಊಟ ಮಾಡಿದ್ರೆ ಅವನಿಗೆ ಪಾಪ. ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ, ಒಕ್ಕಲಾಗಲಿ ಆ ಮಣ್ಣನ್ನು ಕೆಡಿಸಿದ್ರೆ ಅವರಿಗೂ ಪಾಪ.

ಇದನ್ನ ನಿಧಾನವಾಗಿ ಬಿಡಿಸಿ ನೋಡಿ. ಗದ್ದೆ ಕೊಟ್ಟದ್ದು ಕೆರೆಯ ಕೆಳಗೆ. ಮಳೆ ನಂಬಿದ ಬೆದ್ದಲು ಅಲ್ಲ, ನೀರಾವರಿ ಭೂಮಿ. ಅಂದ್ರೆ ಆದಾಯ ಪ್ರತಿವರ್ಷ ಬರಬೇಕು ಅನ್ನೋ ಯೋಚನೆ ಇದೆ. ಅಷ್ಟು ಹೊನ್ನು ಅಂತ ಒಂದು ಸಲ ಕೊಟ್ಟಿದ್ದರೆ ಒಂದು ತಲೆಮಾರಿನಲ್ಲಿ ಕರಗುತ್ತಿತ್ತು, ಗದ್ದೆ ಹಾಗೆ ಕರಗೋದಿಲ್ಲ. ಇನ್ನು ನೋಡಿಕೊಳ್ಳುವವನು ಯಾರು ಅಂತ ಸ್ಪಷ್ಟ: ಗುಡಿಯ ಗೊರವ. ಅವನ ಊಟಕ್ಕೂ ಕಲ್ಲಿನ ಪೂಜೆಗೂ ಗಂಟು ಹಾಕಿದ್ದಾರೆ, ಕೆಲಸ ಮಾಡದೆ ಉಣ್ಣುವಂತಿಲ್ಲ. ಕೊನೆಗೆ, ತಪ್ಪು ಎಲ್ಲಿಂದ ಬರಬಹುದು ಅಂತಲೂ ಅವರಿಗೆ ಗೊತ್ತು. ದೊಡ್ಡ ಅಧಿಕಾರಿ ಕಸಿದುಕೊಳ್ಳಬಹುದು, ಊರಿನ ಅಧಿಕಾರಿ ನುಂಗಬಹುದು, ಉಳುವವನು ಬದು ಒತ್ತಬಹುದು. ಮೂವರನ್ನೂ ಹೆಸರಿಸಿದ್ದಾರೆ. ಶಾಪವನ್ನ ನಾವು ಮೂಢನಂಬಿಕೆ ಅಂತ ಓದ್ತೀವಿ. ನನಗೆ ಅದು ನಿಯಮಾವಳಿಯ ಕೊನೆಯ ಕಲಮಿನ ಹಾಗೆ ಕಾಣಿಸ್ತು.

ಹೀಗೆ ಮೂರು ಶಾಸನದಿಂದ ಮೂರು ಖರ್ಚಿನ ಬಾಬ್ತು ಸಿಗುತ್ತವೆ: ಬದುಕಿರುವ ಯೋಧನಿಗೆ ಬಾಳ್ಗಚ್ಚು, ಸತ್ತವನ ಸ್ಥಾನಕ್ಕೆ ಬಂದವನಿಗೆ ಕಲ್ನಾಡು, ಸ್ಮಾರಕಕ್ಕೇ ಅಂತ ಕೆರೆಯ ಕೆಳಗಿನ ಮಣ್ಣು. ನೆತ್ತರುಗೊಡಗೆ ಅನ್ನುವ ಇನ್ನೊಂದು ಪದವೂ ಶಾಸನಗಳಲ್ಲಿ ಬರುತ್ತೆ, ಚೆಲ್ಲಿದ ರಕ್ತಕ್ಕಾಗಿ ಕೊಟ್ಟ ಭೂಮಿ ಅದು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಿಂದ ಹಿಡಿದು ಆರ್. ಶೇಷಶಾಸ್ತ್ರಿಯವರ ವೀರಗಲ್ಲುಗಳ ಅಧ್ಯಯನದವರೆಗೆ ವಿದ್ವಾಂಸರು ಈ ಸಂಸ್ಕೃತಿಯನ್ನು ವಿವರವಾಗಿ ನೋಡಿದ್ದಾರೆ. ನಾನು ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ. ಅದನ್ನು ಖರ್ಚಿನ ಕಡೆಯಿಂದ ಓದಿದ್ದೀನಿ, ಅಷ್ಟೆ.

ಈಗ ಆ ಮೂರು ಕಲ್ಲುಗಳು ಎಲ್ಲಿವೆ? ಹಲ್ಮಿಡಿಯ ಮೂಲ ಕಲ್ಲು ಮೈಸೂರಿಗೆ ಹೋಗಿದೆ, ಊರಲ್ಲಿರೋದು ಪ್ರತಿಕೃತಿ. ಬೇಗೂರು ಮತ್ತು ಆತಕೂರಿನ ಕಲ್ಲುಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ನಾನು ಅಲ್ಲಿ ಹೋಗಿ ನೋಡಿದೆ. ಕಲ್ಲು ಕ್ಷೇಮವಾಗಿದೆ. ಆದರೆ ಕಲ್ಲು ಒಂದು ಕಡೆ, ಅದನ್ನು ಸಾಕಬೇಕಾಗಿದ್ದ ಗದ್ದೆ ಇನ್ನೊಂದು ಕಡೆ. ಅದರ ಪಾಲನೆ ಈಗ ಇಲಾಖೆಯ ವಾರ್ಷಿಕ ಅನುದಾನದ ಮೇಲೆ ನಿಂತಿದೆ. ಇಲ್ಲಿ ಗೋವಾದಲ್ಲೂ ಹಾಗೇ. ಹಳೆ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಹಡಗಿನ ಕಾಳಗ ಕೆತ್ತಿದ ಕದಂಬರ ಕಾಲದ ವೀರಗಲ್ಲು ಇದೆ. ಅಪ್ಪನನ್ನು ಕರಕೊಂಡು ಹೋಗಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ‘ಇದರ ಬುಡ ಎಲ್ಲೈತಿ?’ ಅಂತ ಕೇಳಿದರು. ಗೌಂಡಿಯ ಪ್ರಶ್ನೆ. ಸಂಗ್ರಹಾಲಯಕ್ಕೆ ಸೇರದ ಸಾವಿರಾರು ಅಕ್ಷರವಿಲ್ಲದ ವೀರಗಲ್ಲುಗಳು ಊರ ಹೊರಗೆ, ಕೆರೆ ಏರಿಯ ಮೇಲೆ, ಬೇಲಿಯ ಒಳಗೆ ನಿಂತಿವೆ. ಕೆಲವಕ್ಕೆ ಇವತ್ತಿಗೂ ಕುಂಕುಮ ಇದೆ, ಕೆಲವು ಬಟ್ಟೆ ಒಗೆಯೋ ಕಲ್ಲಾಗಿವೆ.

ದತ್ತಿ ಕಡಿದುಹೋದ ಮೇಲೆ ಯಾರು ನೋಡಿಕೊಳ್ತಾರೆ ಅನ್ನೋದಕ್ಕೆ ಶ್ರೀರಂಗಪಟ್ಟಣದಲ್ಲಿ ಒಂದು ಬೇರೆ ಥರದ ಉತ್ತರ ಇದೆ. ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನ ಸುಮಾರು 1800ರಲ್ಲಿ ಶುರುವಾದದ್ದು. 1799ರ ಮುತ್ತಿಗೆಯ ನಂತರ ಅಲ್ಲಿ ಉಳಿದ ಯುರೋಪಿಯನ್ ಸೈನಿಕರು ಮತ್ತು ಅವರ ಮನೆಯವರ ಸಮಾಧಿಗಳು 300ರಷ್ಟಿವೆ. ಅವರಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರು ಬಹಳ. ಸಂಬಳಕ್ಕೆ ಕಾದಾಡೋ ಪಡೆ ಅದು, ಮೊದಲು ಡಚ್ಚರ ಕೈಕೆಳಗಿದ್ದು ಆಮೇಲೆ ಇಂಗ್ಲಿಷರ ಕಡೆ ಬಂದದ್ದು. ಪಾಳುಬಿದ್ದಿದ್ದ ಈ ಜಾಗ 2008ರ ಸುಮಾರಿಗೆ ಅದೇ ಡಿ ಮ್ಯೂರಾನ್ ಮನೆತನದವರ ಹಣದ ನೆರವಿನಿಂದ ದುರಸ್ತಿ ಆಯ್ತು. ಸಂತೋಷದ ವಿಷಯವೇ. ಆದರೆ ಎರಡು ಶತಮಾನ ಆದಮೇಲೂ ಹೆಸರು, ಹಣ ಎರಡೂ ಉಳಿಸಿಕೊಂಡ ವಂಶ ಎಲ್ಲರಿಗೂ ಇರೋದಿಲ್ಲ. ಜವಾನನ ಮೊಮ್ಮಕ್ಕಳು ಗೌಂಡಿ ಕೆಲಸಕ್ಕೆ ಗೋವಾಕ್ಕೆ ಬಂದಿರ್ತಾರೆ.

ವಂಶವನ್ನು ನಂಬದೆ, ದಾನವನ್ನೂ ನಂಬದೆ ಮಾಡಿದ ಆಧುನಿಕ ವ್ಯವಸ್ಥೆ ಅಂದ್ರೆ 1917ರಲ್ಲಿ ಶುರುವಾದ, ಈಗ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಅಂತ ಕರೆಯೋ ಸಂಸ್ಥೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಭಾರತ, ಈ ಆರು ಸರ್ಕಾರಗಳು ತಮ್ಮ ತಮ್ಮ ಸಮಾಧಿಗಳ ಪ್ರಮಾಣಕ್ಕೆ ತಕ್ಕ ಹಾಗೆ ವರ್ಷ ವರ್ಷ ಹಣ ಕೊಡ್ತವೆ. ಬ್ರಿಟನ್ನಿನ ಪಾಲು ಶೇ. 80ರ ಹತ್ತಿರ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಪಡೆ ಕಾದಾಡಿದ ಹೈಫಾದಲ್ಲಿರೋ ಭಾರತೀಯ ಸೈನಿಕರ ಸ್ಮಶಾನವನ್ನು ನೋಡಿಕೊಳ್ಳೋದು ಇದೇ ಆಯೋಗ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಅನ್ನೋದು ಅವರ ತತ್ವ. ತತ್ವ ಎಲ್ಲ ಕಡೆ ನಡೆಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ 45,000ದಿಂದ 54,000 ಏಷ್ಯಾ, ಆಫ್ರಿಕಾದ ಸೈನಿಕರನ್ನು ಅಸಮಾನವಾಗಿ ಸ್ಮರಿಸಲಾಗಿದೆ ಅಂತ 2021ರಲ್ಲಿ ಆಯೋಗದ್ದೇ ವರದಿ ಒಪ್ಪಿಕೊಂಡಿತು. ಖರ್ಚಿನ ವ್ಯವಸ್ಥೆ ಗಟ್ಟಿಯಾಗಿದ್ದ ಮಾತ್ರಕ್ಕೆ ನ್ಯಾಯ ಆಗೋದಿಲ್ಲ. ಲೆಕ್ಕದಲ್ಲಿ ಯಾರ ಹೆಸರು ಬರೆದರು ಅನ್ನೋದು ಅದಕ್ಕಿಂತ ಮೊದಲಿನ ಪ್ರಶ್ನೆ.

ಯುದ್ಧದಲ್ಲಿ ಸಾಯದೆ ಮನೆಯಲ್ಲಿ ತೀರಿಕೊಂಡ ಮಾಜಿ ಸೈನಿಕರು ಈ ಆಯೋಗದ ವ್ಯಾಪ್ತಿಗೆ ಬರೋದಿಲ್ಲ. ಅಂಥವರಿಗೂ ಸಾರ್ವಜನಿಕ ಸ್ಮಶಾನ ಮಾಡಿದ ದೇಶ ಅಮೆರಿಕ. ಅಲ್ಲಿ 1978ರಿಂದ ಒಂದು ಅನುದಾನ ಯೋಜನೆ ಇದೆ. 1998ರ ಕಾನೂನಿನ ನಂತರ ರಾಜ್ಯವೊಂದು ಮಾಜಿ ಸೈನಿಕರ ಸ್ಮಶಾನ ಕಟ್ಟಿದ್ರೆ ನಿರ್ಮಾಣದ ಪೂರ್ತಿ ಖರ್ಚನ್ನೂ ಕೇಂದ್ರ ಕೊಡಬಹುದು. ಆದರೆ ಜಾಗ ರಾಜ್ಯದ್ದು, ಮುಂದಿನ ಪಾಲನೆಯ ಹೊಣೆಯೂ ರಾಜ್ಯದ್ದು. ಹಣ ತೆಗೆದುಕೊಳ್ಳೋವಾಗಲೇ ಆ ಹೊಣೆ ಒಪ್ಪಿಕೊಳ್ಳಬೇಕು. ಮಾಜಿ ಸೈನಿಕರನ್ನು ಹೂಳಿದ್ದಕ್ಕೆ ತಲೆಗಿಷ್ಟು ಅಂತ ಒಂದು ಭತ್ಯೆಯೂ ರಾಜ್ಯಕ್ಕೆ ಸಿಗುತ್ತೆ. ಕಟ್ಟೋ ಬಾಬ್ತು ಬೇರೆ, ನೋಡಿಕೊಳ್ಳೋ ಬಾಬ್ತು ಬೇರೆ, ಎರಡಕ್ಕೂ ಹೆಸರು ಹಚ್ಚಿದ ಜವಾಬ್ದಾರರು. ಇದನ್ನು ಓದಿದಾಗ ನನಗೆ ಆತಕೂರೇ ನೆನಪಾಯ್ತು.

ನಮ್ಮಲ್ಲಿ ಹೇಗಿದೆ? 1949ರಿಂದ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಮಾಡ್ತೀವಿ, ಚಿಕ್ಕ ಬಾವುಟ ಚುಚ್ಚಿಕೊಂಡು ಡಬ್ಬಿಗೆ ಹಣ ಹಾಕ್ತೀವಿ. ಅದು ಮಾಜಿ ಸೈನಿಕರ ಮತ್ತು ಅವರ ಕುಟುಂಬಗಳ ಕಲ್ಯಾಣಕ್ಕೆ. ಹಳೆಯ ಮಾತಲ್ಲಿ ಬಾಳ್ಗಚ್ಚಿನ ಬಾಬ್ತು. ಸ್ಮಾರಕಗಳನ್ನೂ ಕಟ್ಟಿದ್ದೀವಿ. ನಮ್ಮ ಗುಡ್ಡ ಇಳಿದು ಪೇಟೆಗೆ ಬಂದ್ರೆ ಲೋಹಿಯಾ ಮೈದಾನ ಇದೆ. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಗೋವಾದ ನಾಗರಿಕ ಹಕ್ಕುಗಳ ಚಳವಳಿ ಶುರುಮಾಡಿದ ಜಾಗ. ಪ್ರತಿವರ್ಷ ಆ ದಿನ ಹೂವಿನ ಹಾರ ಬರುತ್ತೆ, ಯಾಕಂದ್ರೆ ಆ ದಿನ ಸರ್ಕಾರದ ಕ್ಯಾಲೆಂಡರಿನಲ್ಲಿದೆ. ಸ್ಮರಣೆಗೆ ತಾರೀಖು ಬೇಕು, ಬಾಬ್ತು ಬೇಕು, ಕೆಲಸದ ಆಳು ಬೇಕು ಅನ್ನೋದಕ್ಕೆ ಅದೇ ಸಾಕ್ಷಿ. ಊರು ಬಿಟ್ಟು ಬಂದು ಇನ್ನೊಂದು ರಾಜ್ಯದಲ್ಲಿ ಸತ್ತ ಒಬ್ಬ ಸಾಮಾನ್ಯ ಜವಾನನ ದೇಹ ಮಾತ್ರ ಯಾವ ಬಾಬ್ತಿಗೂ ಬರೋದಿಲ್ಲ. ಅದು ಓಣಿಯ ಪಟ್ಟಿಗೆ ಬರುತ್ತೆ.

ಇಲ್ಲಿಗೆ ನನ್ನ ಪ್ರಬಂಧ ಮುಗೀತು. ಪ್ರಶ್ನೆಗಳಿದ್ರೆ ಕೇಳಿ.

ಚರ್ಚೆ

ಒಬ್ಬ ಅಧ್ಯಾಪಕರು: ವೀರಗಲ್ಲು ಸಮಾಧಿ ಅಲ್ಲವಲ್ಲ. ಅದರ ಕೆಳಗೆ ದೇಹ ಇರಲೇಬೇಕು ಅಂತಿಲ್ಲ. ಸ್ಮಶಾನದ ಜೊತೆ ಹೋಲಿಸಿದ್ದು ಸರಿಯೇ?

ಉತ್ತರ: ಹೌದು ಸರ್, ಎರಡೂ ಒಂದೇ ಅಲ್ಲ. ವೀರನ ದೇಹವನ್ನು ಸುಟ್ಟಿರಬಹುದು, ಅವನು ಬಿದ್ದದ್ದು ಬೇರೆ ಊರಲ್ಲಿ ಇರಬಹುದು. ಆತಕೂರಿನದಂತೂ ನಾಯಿಯ ಕಲ್ಲು. ನಾನು ಹೋಲಿಸಿದ್ದು ಪಾಲನೆಯ ವ್ಯವಸ್ಥೆಯನ್ನ ಮಾತ್ರ. ಕಲ್ಲಿಗೂ ಸಮಾಧಿಗೂ ಒಂದು ವಿಷಯ ಸಮಾನ: ಪ್ರತಿವರ್ಷ ಯಾರಾದರೂ ಬಂದು ಕಸ ತೆಗೀಬೇಕು.

ಒಬ್ಬ ಸಹಪಾಠಿ: ದತ್ತಿ ಕೊಟ್ಟ ಊರುಗಳಲ್ಲಿ ದುಡಿಯೋರು ಇದ್ದರಲ್ಲ? ರಾಜ ಕೊಟ್ಟ ಅಂತೀವಿ, ನಿಜವಾಗಿ ಕೊಟ್ಟವರು ಅವರೇ ಅಲ್ವಾ?

ಉತ್ತರ: ಈ ಪ್ರಶ್ನೆಯನ್ನ ನಾನು ಪ್ರಬಂಧದಲ್ಲೇ ಸೇರಿಸಬೇಕಿತ್ತು. ಹನ್ನೆರಡು ಊರು ಕೊಟ್ಟ ಅಂದ್ರೆ ಆ ಊರವರ ತೆರಿಗೆ ಇನ್ನು ಮುಂದೆ ಇನ್ನೊಬ್ಬನ ಮನೆಗೆ ಹೋಗುತ್ತೆ ಅಂತ ಅರ್ಥ. ಆತಕೂರು ಶಾಸನ ನಾಯಿಯ ಹೆಸರನ್ನು ಹೇಳುತ್ತೆ, ಆ ಎರಡು ಖಂಡುಗ ಉತ್ತವನ ಹೆಸರು ಹೇಳೋದಿಲ್ಲ. ಒಕ್ಕಲು ಅನ್ನುವ ಪದ ಬರೋದು ಶಾಪದ ಸಾಲಿನಲ್ಲಿ ಮಾತ್ರ. ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಖರ್ಚನ್ನು ಬಚ್ಚಿಡದೆ ಕಲ್ಲಿನ ಮೇಲೆಯೇ ಬರೆದರಲ್ಲ, ಅದನ್ನ ಅವರಿಂದ ಕಲೀಬಹುದು ಅಂತ ಅಷ್ಟೆ.

ಇನ್ನೊಬ್ಬ ಅಧ್ಯಾಪಕಿ: ನಿಮ್ಮ ಮುತ್ಯಾನ ಮುಂದಿನ ಕಥೆಯನ್ನ ಕೊನೆಗೆ ಹೇಳ್ತೀನಿ ಅಂದಿದ್ರಿ.

ಉತ್ತರ: ಹೌದು ಮೇಡಂ. ಈ ವರ್ಷ ಆ ಹೊಲ ಹಂಚಿಕೆ ಆಯ್ತು. ಮುತ್ಯಾ ಇರೋ ಕಡೆಯ ಪಾಲು ದೊಡ್ಡಪ್ಪನ ಮಕ್ಕಳಿಗೆ ಬಂತು. ಅವರಿಗೆ ಸಾಲ ಇದೆ, ಮಾರಲೇಬೇಕು. ಅವರದ್ದೂ ತಪ್ಪಲ್ಲ. ‘ಹೊಲ ಮಾರಿದ್ರ ಮುತ್ಯಾನ್ನೂ ಮಾರಿದಂಗ ಆತಲ್ಲೋ’ ಅಂತ ಅಪ್ಪ ಫೋನಲ್ಲೇ ಅತ್ತರು. ಕೊನೆಗೆ ಸಮಾಧಿ ಇರೋ ಎರಡು ಗುಂಟೆ ಬಿಟ್ಟು ಉಳಿದದ್ದನ್ನ ಮಾರೋದು ಅಂತ ಒಪ್ಪಂದ ಆಯ್ತು. ಕರಡು ಪತ್ರವನ್ನ ನನಗೆ ಓದೋಕೆ ಕಳಿಸಿದ್ರು. ಎರಡು ಗುಂಟೆ ಬಿಟ್ಟಿರೋದು ಅದರಲ್ಲಿತ್ತು. ಅಲ್ಲಿಗೆ ಹೋಗೋ ದಾರಿ ಯಾವುದು, ಯಾರು ನೋಡಿಕೊಳ್ತಾರೆ, ಅದಕ್ಕೆ ವರ್ಷಕ್ಕೆ ಹಣ ಎಲ್ಲಿಂದ, ಇದ್ಯಾವುದೂ ಇರಲಿಲ್ಲ. ಆವತ್ತೇ ಆತಕೂರಿನ ಪಾಠವನ್ನ ಮತ್ತೆ ತೆಗೆದು ಓದಿದೆ. ಈ ಪ್ರಬಂಧ ಹುಟ್ಟಿದ್ದು ಹಾಗೆ.

ಈಗ ಪತ್ರದಲ್ಲಿ ಮೂರು ಸಾಲು ಸೇರಿಸಿದ್ದೀವಿ. ಬದುವಿನ ಮೇಲೆ ನಡೆದು ಹೋಗೋ ದಾರಿ ಬಿಡಬೇಕು. ಆ ಎರಡು ಗುಂಟೆಯಲ್ಲಿ ಹಾಕೋ ನಾಲ್ಕು ತೆಂಗಿನ ಗಿಡದ ಫಲ ನೋಡಿಕೊಳ್ಳುವವರಿಗೆ. ನೋಡಿಕೊಳ್ಳದಿದ್ದರೆ ಫಲ ಇಲ್ಲ. ಪಾಪದ ಮಾತು ಬರೀಲಿಲ್ಲ, ಬರಹಗಾರರು ಒಪ್ಪೋದಿಲ್ಲ ಅಂದ್ರು. ಗಿಡ ಫಲ ಕೊಡೋಕೆ ಇನ್ನೂ ಐದಾರು ವರ್ಷ ಬೇಕು. ಅಲ್ಲಿವರೆಗೆ ಅಪ್ಪ ಇಲ್ಲಿಂದ ಹಣ ಕಳಿಸ್ತಾರೆ.